ಸಮುದ್ರತಳದ ಗಾಜಿನ ನರಗಳು

ಸಂಜೆಯ ವೇಳೆ ನಮ್ಮ ಚೆನ್ನೈ ನಗರದ ಮರೀನಾ ತೀರದಲ್ಲಿ ನಿಂತು ಪೂರ್ವದಿಕ್ಕಿಗೆ ದೃಷ್ಟಿ ಹಾಯಿಸಿದರೆ ಕಾಣುವುದು ನೀರು; ನೀರಿನಾಚೆ ಆಕಾಶ. ಆ ನೀರಿನ ಅಡಿಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ದಡದಲ್ಲಿ ನಿಂತವನು ಅರಿಯಲಾರ. ಹೀಗೆ ಅರಿಯದೆ ಹೋದುದರ ಬೆಲೆ ಎಷ್ಟೆಂಬುದನ್ನು ಈ ಊರು ಒಮ್ಮೆ ಕಂಡಿದೆ.

2004ನೆಯ ಇಸವಿಯ ಡಿಸೆಂಬರ್ 26, ಭಾನುವಾರ. ನಮ್ಮ ಗಡಿಯಾರದಂತೆ ಬೆಳಗಿನ 6 ಗಂಟೆ 28 ನಿಮಿಷಕ್ಕೆ ಸುಮಾತ್ರಾ ದ್ವೀಪದ ಬಳಿ ಸಮುದ್ರತಳದಲ್ಲಿ 9.1 ಪ್ರಮಾಣದ ಭೂಕಂಪವಾಯಿತು. ಅದರಿಂದ ಎದ್ದ ಸುನಾಮಿ ಅಲೆ ಚೆನ್ನೈಯ ದಡವನ್ನು ಮುಟ್ಟಿದ್ದು 9 ಗಂಟೆಯ ಸುಮಾರಿಗೆ. ನಡುವೆ ಎರಡೂವರೆ ಗಂಟೆಗಳ ಕಾಲವಿದ್ದಿತು. ಅಷ್ಟು ಹೊತ್ತೂ ಸಮುದ್ರವು ಎಂದಿನಂತೆ ಶಾಂತವಾಗಿ ತೋರುತ್ತಿದ್ದಿತು. ಜನರು ಎಂದಿನಂತೆ ದಡದಲ್ಲಿ ಓಡಾಡುತ್ತಿದ್ದರು. ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಲ್ಲಿ ಅಂದು ಮಡಿದವರು ಎರಡು ಲಕ್ಷಕ್ಕೂ ಹೆಚ್ಚು ಮಂದಿ. ನೀವು ಯಾರೂ ಆಗ ಹುಟ್ಟಿರಲಿಲ್ಲ. ಮನೆಯ ಹಿರಿಯರನ್ನು ಕೇಳಿದರೆ ಅವರು ಹೇಳಿಯಾರು.

ಭೂಕಂಪದ ಸುದ್ದಿಯು ನೆಲದ ಮೇಲಿನ ಮಾಪಕಗಳಿಗೆ ಕೆಲವೇ ನಿಮಿಷಗಳಲ್ಲಿ ತಿಳಿದಿದ್ದಿತು. ಆದರೆ ಅಲೆ ಎದ್ದಿದೆಯೇ ಇಲ್ಲವೇ ಎಂದು ನೋಡಿ ಹೇಳುವ ಏರ್ಪಾಟು ಹಿಂದೂ ಮಹಾಸಾಗರದಲ್ಲಿ ಆಗ ಇರಲಿಲ್ಲ. ಆ ದುರಂತದ ಅನಂತರ 2007ರಲ್ಲಿ ಹೈದರಾಬಾದಿನಲ್ಲಿ ನಮ್ಮ ದೇಶದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವು ಸ್ಥಾಪಿತವಾಯಿತು. ಆದರೂ ಭೂಮಿಯ ಮೇಲ್ಮೈಯಲ್ಲಿ ಶೇಕಡಾ 71 ಭಾಗ ಸಮುದ್ರವೇ ಆಗಿರುವಾಗ, ಅದರ ತಳದಲ್ಲಿ ಇರಿಸಿರುವ ಉಪಕರಣಗಳು ಇಂದಿಗೂ ವಿರಳ. ಕಿಲೋಮೀಟರುಗಟ್ಟಲೆ ಆಳದಲ್ಲಿ ಯಂತ್ರವನ್ನಿಟ್ಟು, ಅದಕ್ಕೆ ವಿದ್ಯುತ್ತನ್ನು ಒದಗಿಸಿ, ಅದರ ಮಾತನ್ನು ದಡಕ್ಕೆ ತರಿಸಿಕೊಳ್ಳುವುದು ಅಪಾರ ವೆಚ್ಚದ ಕೆಲಸ.

ಆದರೆ ಸಮುದ್ರದ ತಳದಲ್ಲಿ ಮನುಷ್ಯನು ಈಗಾಗಲೇ ಹಾಸಿಟ್ಟಿರುವ ವಸ್ತುವೊಂದುಂಟು. ದೇಶದೇಶಗಳ ನಡುವೆ ಮಾತು, ಚಿತ್ರ, ಪತ್ರಗಳನ್ನು ಸಾಗಿಸುವ ಕೇಬಲ್ಲುಗಳೇ ಅವು. ಲೋಕದಲ್ಲಿ ಇವುಗಳ ಒಟ್ಟು ಉದ್ದ ಹತ್ತು ಲಕ್ಷ ಕಿಲೋಮೀಟರುಗಳಿಗೂ ಮಿಗಿಲು. ಈ ಕೇಬಲ್ಲುಗಳನ್ನೇ ಭೂಮಿಯ ನಡುಕವನ್ನು ಅರಿಯುವ ನರಗಳನ್ನಾಗಿ ಮಾಡಿಕೊಳ್ಳಬಹುದೆಂದು ವಿಜ್ಞಾನಿಗಳು ಇತ್ತೀಚೆಗೆ ತೋರಿಸಿಕೊಟ್ಟಿರುವರು. ಅದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಗಾಜಿನೊಳಗೆ ಸೆರೆಯಾದ ಬೆಳಕು

ಆಳ ಸಮುದ್ರದ ಕೇಬಲ್ಲು ಸುಮಾರು ಹೆಬ್ಬೆರಳಿನಷ್ಟು ದಪ್ಪ. ಉಕ್ಕು, ತಾಮ್ರ, ಪ್ಲಾಸ್ಟಿಕ್ಕುಗಳ ಹೊದಿಕೆಯನ್ನು ಬಿಚ್ಚುತ್ತ ಹೋದರೆ ನಡುವೆ ಕೂದಲೆಳೆಯಂತಹ ಕೆಲವು ಗಾಜಿನ ಎಳೆಗಳು ದೊರೆಯುವುವು. ಇವಕ್ಕೆ ದ್ಯುತಿತಂತುಗಳೆಂದು ಹೆಸರು. ಒಂದೊಂದು ಎಳೆಯೂ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು ದಪ್ಪವಿರುವುದು. ಅದರಲ್ಲಿಯೂ ಬೆಳಕು ಹರಿಯುವ ತಿರುಳು ಅತ್ಯಂತ ಕಿರಿದು.

ಬೆಳಕು ಗೆರೆ ಹೊಡೆದಂತೆ ನೇರವಾಗಿ ಸಾಗುವುದೆಂದು ನೀವು ಓದಿದ್ದೀರಿ. ಹಾಗಿದ್ದರೆ ಬಾಗಿದ ಎಳೆಯೊಳಗೆ ಅದು ಹೇಗೆ ಸಾಗೀತು? ಈಜುಕೊಳದಲ್ಲಿ ಮುಳುಗಿ, ಓರೆಯಾಗಿ ಮೇಲಕ್ಕೆ ನೋಡಿದವರಿಗೆ ಇದರ ಉತ್ತರ ಗೊತ್ತು. ನೀರಿನ ಮೇಲ್ಮೈ ಕನ್ನಡಿಯಂತೆ ಹೊಳೆಯುವುದು. ಹೊರಗಿನ ಗಿಡಮರಗಳು ಕಾಣದೆ ಕೊಳದ ತಳವೇ ಅದರಲ್ಲಿ ಕಾಣುವುದು. ಸಾಂದ್ರವಾದ ಮಾಧ್ಯಮದಿಂದ ವಿರಳವಾದ ಮಾಧ್ಯಮದ ಕಡೆಗೆ ಬಹಳ ಓರೆಯಾಗಿ ಬಂದ ಬೆಳಕು ಹೊರಗೆ ಹೋಗದೆ ಪೂರ್ತಿಯಾಗಿ ಹಿಂದಿರುಗುವುದು. ಇದಕ್ಕೆ ಪೂರ್ಣ ಆಂತರಿಕ ಪ್ರತಿಫಲನವೆಂದು ಹೆಸರು. 1841ರಲ್ಲಿ ಜಿನೀವಾ ನಗರದ ಕೊಲಡಾನ್ ಎಂಬ ವಿದ್ವಾಂಸನು ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಬರುವುದನ್ನು ಸಭಿಕರಿಗೆ ತೋರಿಸಿದನು. ಪಂಜಾಬಿನಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ತಮ್ಮ ಗುರು ಹಾಪ್ಕಿನ್ಸರೊಡನೆ ಗಾಜಿನೆಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ, 1954ರಲ್ಲಿ ಅದನ್ನು ಪ್ರಕಟಿಸಿದರು.

ಆದರೆ ಅಂದಿನ ಗಾಜು ಬೆಳಕನ್ನು ಬಹು ಬೇಗ ನುಂಗಿಬಿಡುತ್ತಿದ್ದಿತು. ದೋಷವಿರುವುದು ಗಾಜಿನ ಸ್ವಭಾವದಲ್ಲಲ್ಲ, ಅದರಲ್ಲಿ ಬೆರೆತ ಕಲ್ಮಷಗಳಲ್ಲಿ ಎಂದು 1966ರಲ್ಲಿ ಚಾರ್ಲ್ಸ್ ಕಾವೋ ಅವರು ತಮ್ಮ ಸಹೋದ್ಯೋಗಿ ಹಾಕ್‌ಹ್ಯಾಮರೊಡನೆ ವಾದಿಸಿದರು. ಒಂದು ಕಿಲೋಮೀಟರು ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು, ಸಂದೇಶ ಕಳುಹಿಸಬಹುದು ಎಂಬುದು ಅವರ ಲೆಕ್ಕ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಗಾಜಿನ ಕಾರ್ಖಾನೆಯವರು ಆ ಗುರಿಯನ್ನು ಮುಟ್ಟಿದರು. ಕಾವೋ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂದಿನ ಉತ್ತಮ ಗಾಜಿನೆಳೆಯಲ್ಲಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ನೂರು ಕಿಲೋಮೀಟರು ಸಾಗಿದ ಮೇಲೆಯೂ ನೂರರಲ್ಲಿ ಒಂದು ಪಾಲು ಉಳಿದಿರುವುದು.

ದಣಿದ ಬೆಳಕಿಗೆ ಬಲ

ನೂರು ಕಿಲೋಮೀಟರಿಗೆ ನೂರರಲ್ಲಿ ಒಂದು ಪಾಲು ಎಂದರೆ ಅದ್ಭುತವೆಂದು ತೋರಬಹುದು. ಆದರೆ ಒಂದು ಲೆಕ್ಕ ಮಾಡಿ ನೋಡಿರಿ. ಇನ್ನೂರು ಕಿಲೋಮೀಟರಿಗೆ ಉಳಿಯುವುದು ಹತ್ತು ಸಾವಿರದಲ್ಲಿ ಒಂದು ಪಾಲು. ಮುನ್ನೂರಕ್ಕೆ ಹತ್ತು ಲಕ್ಷದಲ್ಲಿ ಒಂದು. ಚೆನ್ನೈಯಿಂದ ಅಂಡಮಾನಿನ ದೂರ 1,300 ಕಿಲೋಮೀಟರುಗಳಿಗೂ ಹೆಚ್ಚು. ಅಷ್ಟು ದೂರ ಹೋಗುವುದರೊಳಗೆ ಉಳಿಯುವ ಪಾಲನ್ನು ಬರೆಯಬೇಕಾದರೆ ಒಂದರ ಮುಂದೆ ಇಪ್ಪತ್ತಾರು ಸೊನ್ನೆಗಳನ್ನಿಟ್ಟು, ಆ ಸಂಖ್ಯೆಯಿಂದ ಒಂದನ್ನು ಭಾಗಿಸಬೇಕು. ಒಂದು ಮಿಲಿವಾಟ್ ಶಕ್ತಿಯ ಲೇಸರ್ ದೀಪವು ಸೆಕೆಂಡಿಗೆ ಹೊರಡಿಸುವ ಬೆಳಕಿನ ಕಣಗಳು ಎಂಟರ ಮುಂದೆ ಹದಿನೈದು ಸೊನ್ನೆಗಳಷ್ಟು. ಅಷ್ಟು ಕಣಗಳನ್ನು ಸತತವಾಗಿ ಕಳುಹಿಸುತ್ತಿದ್ದರೂ ಆ ತುದಿಗೆ ಒಂದೇ ಒಂದು ಕಣ ತಲುಪಲು ಸುಮಾರು ನಾನೂರು ವರ್ಷಗಳು ಕಾಯಬೇಕಾದೀತು!

ಆದುದರಿಂದ ದಾರಿಯಲ್ಲಿ ದಣಿದ ಬೆಳಕಿಗೆ ಮತ್ತೆ ಮತ್ತೆ ಬಲವನ್ನು ಕೊಡಬೇಕು. 1988ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಸಿದ ಮೊದಲ ಗಾಜಿನೆಳೆಯ ಕೇಬಲ್ಲಿನಲ್ಲಿ ಈ ಕೆಲಸವನ್ನು ವಿದ್ಯುದ್ಯಂತ್ರಗಳು ಮಾಡುತ್ತಿದ್ದವು. ಬಂದ ಬೆಳಕನ್ನು ಅವು ವಿದ್ಯುತ್ ಸಂಕೇತವನ್ನಾಗಿ ಬದಲಿಸಿ, ಹೊಸದೊಂದು ಲೇಸರಿನಿಂದ ಅದೇ ಸಂದೇಶವನ್ನು ಮುಂದಕ್ಕೆ ಕಳುಹಿಸುತ್ತಿದ್ದವು. ಇದು ಓಲೆಯೊಂದನ್ನು ಪ್ರತಿ ಊರಿನಲ್ಲಿಯೂ ಬೇರೆ ಬೇರೆ ಲಿಪಿಕಾರರು ನಕಲು ಮಾಡಿ ಮುಂದಿನ ಊರಿಗೆ ಕಳುಹಿಸಿದಂತೆ. ಓಲೆಯ ವಿಷಯವೇನೋ ತಲುಪುವುದು. ಆದರೆ ಮೊದಲು ಬರೆದವನ ಕೈ ನಡುಗುತ್ತಿದ್ದಿತೇ ಎಂಬುದು ಕೊನೆಯಲ್ಲಿ ಓದುವವನಿಗೆ ತಿಳಿಯದು.

1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ಮತ್ತು ಅವರ ಸಂಗಡಿಗರೂ, ಅಮೆರಿಕದ ಬೆಲ್ ಪ್ರಯೋಗಾಲಯದ ಡೆಸರ್ವೈರ್ ಮೊದಲಾದವರೂ ಬೇರೊಂದು ಮಾರ್ಗವನ್ನು ತೆರೆದರು. ಎರ್ಬಿಯಂ ಎಂಬ ವಿರಳವಾದ ಲೋಹದ ಪರಮಾಣುಗಳನ್ನು ಗಾಜಿನೆಳೆಯ ತಿರುಳಿನಲ್ಲಿ ಬಹು ಸ್ವಲ್ಪವಾಗಿ ಬೆರೆಸುವರು. ಅಂತಹ ಕೆಲವು ಮೀಟರು ಉದ್ದದ ಎಳೆಯೊಳಗೆ ಇನ್ನೊಂದು ಪುಟ್ಟ ಲೇಸರಿನಿಂದ ಶಕ್ತಿಯನ್ನು ತುಂಬುವರು. ಆಗ ಎರ್ಬಿಯಂ ಪರಮಾಣುಗಳು ಶಕ್ತಿಯನ್ನು ಹೊತ್ತು ಸಿದ್ಧವಾಗಿ ನಿಲ್ಲುವುವು. ದೂರದಿಂದ ದಣಿದು ಬಂದ ಬೆಳಕಿನ ಕಣವೊಂದು ಹಾದುಹೋಗುವಾಗ ಪರಮಾಣು ತನ್ನಲ್ಲಿದ್ದ ಶಕ್ತಿಯನ್ನು ಬಿಟ್ಟು, ಅದೇ ಬಗೆಯ ಇನ್ನೊಂದು ಕಣವನ್ನು ಹೊರಡಿಸುವುದು. ಒಂದು ಎರಡಾಗಿ, ಎರಡು ನಾಲ್ಕಾಗಿ, ಬೆಳಕು ನೂರು ಮಡಿಯಾಗಿ ಹೊರಬರುವುದು.

ಇಲ್ಲಿ ಮುಖ್ಯವಾದ ಸಂಗತಿಯೊಂದುಂಟು. ಕೋಲಾಟದ ಸುತ್ತಿಗೆ ಹೊಸಬನೊಬ್ಬನು ಸೇರಿಕೊಳ್ಳುವಾಗ ಮುಂದಿನವನ ಹೆಜ್ಜೆಯನ್ನು ನೋಡಿಕೊಂಡು ಅದೇ ಹೆಜ್ಜೆಯಲ್ಲಿ ಸೇರುವನಲ್ಲವೆ? ಹಾಗೆಯೇ ಹೊಸದಾಗಿ ಹುಟ್ಟಿದ ಬೆಳಕೂ ಬಂದ ಬೆಳಕಿನ ಹೆಜ್ಜೆಯಲ್ಲಿಯೇ ನಡೆಯುವುದು. ಇದನ್ನು ಪ್ರಚೋದಿತ ಉತ್ಸರ್ಜನೆ ಎನ್ನುವರು; ಇದರ ಮೂಲತತ್ತ್ವವನ್ನು ಐನ್‌ಸ್ಟೈನರು 1917ರಲ್ಲಿಯೇ ವಿವರಿಸಿದ್ದರು. ಅಂದಮೇಲೆ ಈ ದ್ಯುತಿವರ್ಧಕವು ಓಲೆಯನ್ನು ನಕಲು ಮಾಡುವುದಿಲ್ಲ. ಮೂಲ ಓಲೆಯನ್ನೇ ಮುಂದಕ್ಕೆ ಸಾಗಿಸುವುದು. ಬರೆದವನ ಕೈ ನಡುಕವೂ ಅದರೊಡನೆಯೇ ಸಾಗುವುದು. ಸಮುದ್ರತಳದ ನಡುಕವನ್ನು ಅರಿಯಲು ನಮಗೆ ಬೇಕಾದುದು ಇದೇ.

ಇಂತಹ ವರ್ಧಕಗಳನ್ನು ರಿಪೀಟರ್ ಎಂಬ ಗಟ್ಟಿ ಲೋಹದ ಪೆಟ್ಟಿಗೆಗಳಲ್ಲಿರಿಸಿ, 45ರಿಂದ 90 ಕಿಲೋಮೀಟರಿಗೆ ಒಂದರಂತೆ ಕೇಬಲ್ಲಿಗೆ ಜೋಡಿಸುವರು. ಇವಕ್ಕೆ ಬೇಕಾದ ವಿದ್ಯುತ್ತು ಅದೇ ಕೇಬಲ್ಲಿನ ತಾಮ್ರದ ಮೂಲಕ ದಡದಿಂದ ಬರುವುದು.

ದೋಷವೇ ಗುಣವಾದುದು

ಗಾಜಿನೆಳೆಯೊಳಗೆ ಹೋಗುವ ಬೆಳಕಿನ ಅಲೆಯ ಉದ್ದ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು. ಎಳೆಯು ಎಲ್ಲಿಯಾದರೂ ಅಷ್ಟೇ ಹಿಗ್ಗಿದರೂ ಬೆಳಕು ಒಂದು ಪೂರ್ತಿ ಹೆಜ್ಜೆ ಹಿಂದೆ ಬೀಳುವುದು. ಹೊರಟ ಬೆಳಕಿನೊಡನೆ ಬಂದ ಬೆಳಕನ್ನು ಹೋಲಿಸಿದರೆ ಈ ವ್ಯತ್ಯಾಸವನ್ನು ಅಳೆಯಬಹುದು. ಸಂದೇಶ ಕಳುಹಿಸುವ ಇಂಜಿನಿಯರುಗಳಿಗೆ ಇದೊಂದು ಉಪದ್ರವ. ಲಾರಿ ಹೋದರೂ ನೆಲ ನಡುಗಿದರೂ ಬೆಳಕಿನ ಹೆಜ್ಜೆ ತಪ್ಪುವುದು.

ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಜೋಸೆಪ್ಪೆ ಮಾರಾ ಎಂಬುವರು ನೆಲದಡಿಯ ಗಾಜಿನೆಳೆಯೊಂದರಲ್ಲಿ ಅತ್ಯಂತ ಸ್ಥಿರವಾದ ಲೇಸರ್ ಬೆಳಕನ್ನು ಕಳುಹಿಸಿ ಪ್ರಯೋಗ ನಡೆಸುತ್ತಿದ್ದರು. 2016ರ ಆಗಸ್ಟ್ 24ರಂದು ಇಟಲಿಯ ಮಧ್ಯಭಾಗದಲ್ಲಿ ಭೂಕಂಪವಾಯಿತು. ಸಾವಿರಕ್ಕೂ ಹೆಚ್ಚು ಕಿಲೋಮೀಟರುಗಳ ದೂರದಲ್ಲಿ, ಇಂಗ್ಲೆಂಡಿನ ಆ ಎಳೆಯಲ್ಲಿ ಅದರ ಗುರುತು ಕಂಡುಬಂದಿತು! ಉಪದ್ರವವೆಂದು ತಳ್ಳಿಹಾಕಬಹುದಾಗಿದ್ದ ಗದ್ದಲದಲ್ಲಿ ಭೂಮಿಯ ಮಾತು ಅಡಗಿದ್ದಿತು. 2018ರಲ್ಲಿ ಈ ವಿಷಯವನ್ನು ಪ್ರಕಟಿಸಿದಾಗ, ಮಾಲ್ಟಾ ಮತ್ತು ಸಿಸಿಲಿ ದ್ವೀಪಗಳ ನಡುವಣ ಸಮುದ್ರದ ಕೇಬಲ್ಲಿನಲ್ಲಿಯೂ ಅವರು ಭೂಕಂಪವನ್ನು ಗುರುತಿಸಿದ್ದರು.

ಇನ್ನೊಂದು ಬಗೆಯ ವಿಧಾನಕ್ಕೆ ಪ್ರತಿಧ್ವನಿಯೇ ಆಧಾರ. ಬಾವಿಯೊಳಗೆ ಕೂಗಿದರೆ ಮರುದನಿ ಬರುವಂತೆ, ಗಾಜಿನ ಅಣುರಚನೆಯಲ್ಲಿರುವ ಸೂಕ್ಷ್ಮವಾದ ಏರುಪೇರುಗಳಿಂದ ಚದರಿದ ಬೆಳಕಿನ ಅತ್ಯಲ್ಪ ಭಾಗವು ಹಿಂದಕ್ಕೆ ಬರುತ್ತಲೇ ಇರುವುದು. ಬೆಳಕು ಗಾಜಿನಲ್ಲಿ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುವುದರಿಂದ, ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಮೇಲೆ ಬಂದ ಮರುಬೆಳಕು ನೂರು ಮೀಟರು ದೂರದಿಂದ ಬಂದುದೆಂದು ತಿಳಿಯಬಹುದು. ಹೀಗೆ ಕಾಲವನ್ನು ನೋಡಿ ಸ್ಥಳವನ್ನು ಹೇಳುವರು. 2018ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯ ತಳದಲ್ಲಿದ್ದ 20 ಕಿಲೋಮೀಟರು ಗಾಜಿನೆಳೆಯನ್ನು ಈ ಬಗೆಯಲ್ಲಿ ಬಳಸಿದಾಗ ಅದು ಹತ್ತು ಸಾವಿರ ಸಂವೇದಕಗಳ ಸಾಲಿನಂತೆ ಕೆಲಸ ಮಾಡಿತು, 3.4 ಪ್ರಮಾಣದ ಚಿಕ್ಕ ಭೂಕಂಪವೊಂದನ್ನೂ ಗುರುತಿಸಿತು.

ಇಲ್ಲಿ ನಮ್ಮವರೇ ಆದ ಒಬ್ಬ ಮಹನೀಯರನ್ನು ಸ್ಮರಿಸುವುದು ಉಚಿತ. ಮರೀನಾ ತೀರದ ಎದುರಿಗಿರುವ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸರ್ ಸಿ. ವಿ. ರಾಮನ್ನರು 1921ರಲ್ಲಿ ಹಡಗಿನಲ್ಲಿ ಪ್ರಯಾಣ ಮಾಡುವಾಗ ಸಮುದ್ರದ ನೀಲಿಯ ಕಾರಣವನ್ನು ಕುರಿತು ಚಿಂತಿಸಿದರು. ಬೆಳಕು ಚದರುವ ಬಗೆಯನ್ನು ಶೋಧಿಸುತ್ತ ಹೋಗಿ 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ, ಚದರಿದ ಬೆಳಕಿನಲ್ಲಿ ಸ್ವಲ್ಪ ಭಾಗವು ಬಣ್ಣವನ್ನೇ ಬದಲಿಸುವುದೆಂದು ಕಂಡುಹಿಡಿದರು. ಗಾಜಿನೆಳೆಯಲ್ಲಿ ಹೀಗೆ ಬಣ್ಣ ಬದಲಿಸಿ ಹಿಂದಿರುಗುವ ಬೆಳಕಿನ ಪ್ರಮಾಣವು ಆ ಸ್ಥಳದ ಉಷ್ಣತೆಗೆ ತಕ್ಕಂತೆ ಹೆಚ್ಚುಕಡಿಮೆಯಾಗುವುದು. ಇದರಿಂದ ಸುರಂಗ, ತೈಲಬಾವಿ, ವಿದ್ಯುತ್ ಕೇಬಲ್ಲುಗಳ ಉದ್ದಕ್ಕೂ ಎಲ್ಲೆಲ್ಲಿ ಎಷ್ಟು ಬಿಸಿಯಿದೆ ಎಂಬುದನ್ನು ಒಂದೇ ತುದಿಯಲ್ಲಿ ಕುಳಿತು ಅಳೆಯುವರು. ಇಷ್ಟೇ ಅಲ್ಲ, ಪ್ರಬಲವಾದ ಲೇಸರ್ ಬೆಳಕನ್ನು ತುಂಬಿದರೆ ರಾಮನ್ ಪರಿಣಾಮದಿಂದಲೇ ಸಾಮಾನ್ಯ ಗಾಜಿನೆಳೆಯೂ ವರ್ಧಕವಾಗಬಲ್ಲದು. ಸಮುದ್ರದ ನೀಲಿಯನ್ನು ನೋಡಿ ಹುಟ್ಟಿದ ಪ್ರಶ್ನೆಯೊಂದು ಹೀಗೆ ಸುತ್ತಿ ಬಂದು ಸಮುದ್ರದ ತಳವನ್ನು ಸೇರಿದೆ.

ಎಲ್ಲಿ ನಡುಗಿತು?

ಮರುಬೆಳಕಿನ ವಿಧಾನಕ್ಕೆ ಒಂದು ಮಿತಿಯುಂಟು. ರಿಪೀಟರುಗಳಲ್ಲಿ ಬೆಳಕು ಒಂದೇ ದಿಕ್ಕಿಗೆ ಹೋಗುವಂತೆ ಕದವನ್ನಿಟ್ಟಂತಹ ಸಾಧನವಿರುವುದು. ಹಿಂದಿರುಗುವ ಬೆಳಕು ವರ್ಧಕದೊಳಗೆ ನುಗ್ಗಿ ಗೊಂದಲ ಮಾಡಬಾರದೆಂದು ಈ ಏರ್ಪಾಟು. ಆದುದರಿಂದ ಮರುಬೆಳಕು ಮೊದಲನೆಯ ರಿಪೀಟರನ್ನು ದಾಟಿ ಅದೇ ಎಳೆಯಲ್ಲಿ ಹಿಂದಕ್ಕೆ ಬರಲಾರದು. ದಡದ ಸಮೀಪದ ವಿಷಯ ಮಾತ್ರ ತಿಳಿಯುವುದು. ಮಾರಾ ಅವರ ವಿಧಾನಕ್ಕಾದರೋ ದೂರದ ಮಿತಿಯಿಲ್ಲ. ಆದರೆ ಸಾವಿರಾರು ಕಿಲೋಮೀಟರು ಉದ್ದದ ಎಳೆಯಲ್ಲಿ ಎಲ್ಲಿಯೋ ನಡುಗಿತೆಂದು ತಿಳಿಯುವುದೇ ಹೊರತು ಯಾವ ಸ್ಥಳದಲ್ಲಿ ಎಂದು ತಿಳಿಯದು. ಮನೆಯ ಮುಂದಿನ ಗಂಟೆ ಬಾರಿಸಿತು, ಬಂದವರು ಯಾರೆಂದು ಕಾಣಲಿಲ್ಲ ಎಂಬಂತಾಯಿತು.

ಈ ತೊಡಕನ್ನು ಬಿಡಿಸಲು ಒದಗಿದ್ದು ಕೇಬಲ್ಲಿನಲ್ಲಿ ಮೊದಲಿನಿಂದಲೂ ಇದ್ದ ಒಂದು ಸಣ್ಣ ಅನುಕೂಲ. ಕೇಬಲ್ಲು ಎಲ್ಲಿಯಾದರೂ ಕೆಟ್ಟರೆ ಎಷ್ಟನೆಯ ರಿಪೀಟರಿನ ಬಳಿ ಎಂದು ತಿಳಿಯಲೆಂದು, ಹಲವು ಕೇಬಲ್ಲುಗಳ ರಿಪೀಟರುಗಳಲ್ಲಿ ಹೋಗುವ ಎಳೆಯಿಂದ ಬರುವ ಎಳೆಗೆ ಒಂದು ಕಿರುದಾರಿಯನ್ನು ಇಟ್ಟಿರುವರು. ಅದರ ಮೂಲಕ ಸ್ವಲ್ಪ ಬೆಳಕು ಹೊರಟ ದಡಕ್ಕೇ ಹಿಂದಿರುಗುವುದು. ಇಂಗ್ಲೆಂಡಿನ ಸೌತ್‌ಪೋರ್ಟಿನಿಂದ ಕೆನಡಾದ ಹ್ಯಾಲಿಫ್ಯಾಕ್ಸಿಗೆ ಅಟ್ಲಾಂಟಿಕ್ ಸಾಗರದಡಿ ಹಾಸಿರುವ 5,860 ಕಿಲೋಮೀಟರು ಉದ್ದದ ಕೇಬಲ್ಲಿನಲ್ಲಿ ಮಾರಾ ಮತ್ತು ಅವರ ಸಂಗಡಿಗರು ಈ ಕಿರುದಾರಿಯನ್ನೇ ಬಳಸಿಕೊಂಡರು. ಹತ್ತನೆಯ ರಿಪೀಟರಿನಿಂದ ಬಂದ ಬೆಳಕಿನ ನಡುಕದಲ್ಲಿ ಒಂಬತ್ತನೆಯದರಿಂದ ಬಂದುದನ್ನು ಕಳೆದರೆ, ಉಳಿಯುವುದು ಆ ಎರಡರ ನಡುವಣ ತುಂಡಿನ ನಡುಕ ಮಾತ್ರ. ಕಳೆಯುವ ಲೆಕ್ಕ ಬಲ್ಲವರಿಗೆಲ್ಲ ತಿಳಿಯುವ ಯುಕ್ತಿ! ಹೀಗೆ ಒಂದೇ ಕೇಬಲ್ಲು ಸಾಲುಸಾಲಾದ ಸಂವೇದಕಗಳಾಯಿತು. ಭೂಕಂಪಗಳೊಡನೆ ಸಾಗರದ ನೀರಿನ ಚಲನೆಯೂ ಅದರಲ್ಲಿ ಕಂಡುಬಂದಿತು. 2022ರಲ್ಲಿ ಈ ಕಾರ್ಯವು ಪ್ರಕಟವಾಯಿತು. ಸಮುದ್ರದೊಳಗಿನ ಒಂದು ತಿರುಪನ್ನೂ ಬದಲಿಸಬೇಕಾಗಿರಲಿಲ್ಲ ಎಂಬುದೇ ಇದರ ಹೆಚ್ಚಳ.

ಹಾಗೆಂದು ಎಲ್ಲವೂ ಸಾಧಿಸಿತೆಂದು ತಿಳಿಯಬಾರದು. ಎರ್ಬಿಯಂ ಪರಮಾಣುಗಳಲ್ಲಿ ಕೆಲವು ಯಾರೂ ಕೇಳದಿದ್ದರೂ ತಾವಾಗಿಯೇ ಬೆಳಕನ್ನು ಬಿಡುವುವು. ಅವು ಹೆಜ್ಜೆ ತಪ್ಪಿದ ಕೋಲಾಟದವರಂತೆ. ಪ್ರತಿಯೊಂದು ವರ್ಧಕವೂ ಇಂತಹ ಗದ್ದಲವನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತ ಹೋಗುವುದರಿಂದ, ಕ್ಷೀಣವಾದ ನಡುಕಗಳು ಅದರಲ್ಲಿ ಮುಳುಗಿಹೋಗಬಹುದು. ಇದಲ್ಲದೆ ಕೇಬಲ್ಲುಗಳು ಸಂದೇಶಕ್ಕಾಗಿ ಹಾಸಿದವು. ಅವುಗಳ ಒಡೆಯರು ಒಪ್ಪಬೇಕು, ಹಲವು ದೇಶಗಳು ತಾವು ಕಂಡುದನ್ನು ಒಂದಕ್ಕೊಂದು ತಿಳಿಸಬೇಕು.

ನಮ್ಮ ಕೊಲ್ಲಿ

2020ರ ಆಗಸ್ಟಿನಲ್ಲಿ ಚೆನ್ನೈಯಿಂದ ಅಂಡಮಾನ್ ನಿಕೋಬಾರ್ ದ್ವೀಪಗಳಿಗೆ ಸುಮಾರು 2,300 ಕಿಲೋಮೀಟರು ಉದ್ದದ ಗಾಜಿನೆಳೆಯ ಕೇಬಲ್ಲು ಸೇವೆಗೆ ಬಂದಿತು. ದ್ವೀಪವಾಸಿಗಳಿಗೆ ಮಾತು ಮತ್ತು ಸಂದೇಶಗಳ ಸೌಕರ್ಯವಾಗಲೆಂದು ಇದನ್ನು ಹಾಸಿದ್ದು. ಆದರೆ ಇದು ಹಾಯ್ದುಹೋಗುವುದು 2004ರಲ್ಲಿ ಸುನಾಮಿ ದಾಟಿಬಂದ ಅದೇ ಕೊಲ್ಲಿಯ ತಳದಲ್ಲಿ ಎಂಬುದನ್ನು ನೆನೆದಾಗ ಮನಸ್ಸು ಸುಮ್ಮನಿರಲಾರದು.

ಮೂರು ವೇಗಗಳನ್ನು ಹೋಲಿಸಿ ನೋಡಿರಿ. ಅಂಡಮಾನಿನಷ್ಟು ದೂರದಿಂದ ಚೆನ್ನೈಗೆ ಬರಲು ಸುನಾಮಿಗೆ ಸುಮಾರು ಎರಡು ಗಂಟೆಗಳು ಬೇಕು. ಭೂಮಿಯೊಳಗಿನ ಕಂಪನದ ಮೊದಲ ಅಲೆಗೆ ಸುಮಾರು ಮೂರು ನಿಮಿಷಗಳು. ಗಾಜಿನೆಳೆಯ ಬೆಳಕಿಗೆ ಸೆಕೆಂಡಿನ ನೂರನೆಯ ಒಂದು ಭಾಗವೂ ಬೇಡ. ಚೆನ್ನೈಯವರಿಗೆ ಇದರಿಂದ ಕೆಲವು ನಿಮಿಷಗಳ ಲಾಭವಾದೀತು, ಅಷ್ಟೇ. ಆದರೆ 2004ರಲ್ಲಿ ನಿಕೋಬಾರಿನ ದ್ವೀಪಗಳನ್ನು ಅಲೆಯು ಒಂದು ಗಂಟೆ ಕಳೆಯುವ ಮುನ್ನವೇ ಮುಟ್ಟಿಬಿಟ್ಟಿದ್ದಿತು. ಅಂತಹ ಕಡೆ ಒಂದೊಂದು ನಿಮಿಷವೂ ಎತ್ತರದ ನೆಲಕ್ಕೆ ಓಡಲು ಸಿಕ್ಕ ಅವಕಾಶ. ಮಗುವನ್ನು ಎತ್ತಿಕೊಂಡು ಓಡುವ ತಾಯಿಗೆ ನಿಮಿಷದ ಬೆಲೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರೇ, ಎಳೆಯು ನಡುಕವನ್ನು ತಿಳಿಸಬಲ್ಲದು. ವರ್ಧಕವು ಆ ನಡುಕವನ್ನು ಕೆಡದಂತೆ ದಡಕ್ಕೆ ಮುಟ್ಟಿಸಬಲ್ಲದು. ದಡದಲ್ಲಿ ಕುಳಿತು ಅದನ್ನು ಅರ್ಥಮಾಡಿಕೊಂಡು, ಸಕಾಲದಲ್ಲಿ ಎಚ್ಚರಿಕೆ ಹೇಳಬೇಕಾದವರು ಮನುಷ್ಯರು. ಬೆಳಕಿನ ವಕ್ರೀಭವನದ ಪಾಠವನ್ನು ಪರೀಕ್ಷೆಗಾಗಿ ಮಾತ್ರ ಓದುವುದೆಂದು ನಿಮ್ಮಲ್ಲಿ ಯಾರಾದರೂ ಭಾವಿಸಿದ್ದರೆ, ಮುಂದಿನ ಸಲ ಮರೀನಾ ತೀರಕ್ಕೆ ಹೋದಾಗ ಆ ನೀರಿನ ಕಡೆಗೆ ಒಂದು ನಿಮಿಷ ನೋಡಿರಿ. ಅದೇ ಪಾಠದ ಆಧಾರದ ಮೇಲೆ ಬೆಳಕಿನ ಎಳೆಯೊಂದು ಆ ಅಲೆಗಳ ಕೆಳಗೆ ಕತ್ತಲೆಯಲ್ಲಿ ಮಲಗಿದೆ. ಅದರ ಮಾತನ್ನು ಕೇಳಿಸಿಕೊಳ್ಳುವವರು ನಿಮ್ಮಲ್ಲಿಯೇ ಯಾರಾದರೂ ಏಕೆ ಆಗಬಾರದು?